ಮರೆವಿನ ರೋಗದ ಅಣುಮೂಲ

ಶಿರಾ, ಪಾವಗಡಗಳ ಕಡೆ ಕುರಿಯ ಉಣ್ಣೆ ಕತ್ತರಿಸಿ ಕಂಬಳಿಗೆ ನೂಲುವುದನ್ನೂ, ಮಧುಗಿರಿ, ಕೊರಟಗೆರೆಗಳ ಕಡೆ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವುದನ್ನೂ ಓದುಗರು ಕಂಡಿರಬಹುದು. ಉಣ್ಣೆಯೂ ರೇಷ್ಮೆಯೂ ಪ್ರೋಟೀನುಗಳೇ, ಎಂದರೆ ಸಸಾರಜನಕಗಳೇ. ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರಗಳು. ಆದರೂ ನೆನೆದ ಉಣ್ಣೆ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ, ರೇಷ್ಮೆ ಅಷ್ಟು ಹಿಗ್ಗದು. ಉಣ್ಣೆಯಲ್ಲಿ ಸರವು ಸುರುಳಿ ಸುತ್ತಿದೆ. ಜಲಜನಕ ಬಂಧಗಳು ಒಂದೇ ಸರದ ಸುತ್ತುಗಳನ್ನು ಹಿಡಿದಿವೆ. ರೇಷ್ಮೆಯಲ್ಲಿ ಸರಗಳು ನೀಳವಾಗಿ ಚಾಚಿ ಮಗ್ಗುಲು ಮಗ್ಗುಲಾಗಿ ಮಲಗಿವೆ. ಬಂಧಗಳು ನೆರೆಯ ಸರಗಳನ್ನೇ ಬಿಗಿದಿವೆ. ಹುಳುವಿನ ಗ್ರಂಥಿಯಲ್ಲಿ ದ್ರವವಾಗಿದ್ದ ರೇಷ್ಮೆ ಹೊರಬರುವಾಗ ಈ ರೂಪ ತಾಳಿ ನೀರಿನಲ್ಲಿ ಕರಗದ ನೂಲಾಗುತ್ತದೆ. ಗೂಡಿನಲ್ಲಿ ವರವಾದ ಈ ಗುಣವೇ ಮಿದುಳಿನಲ್ಲಿ ಶಾಪವಾಗುವುದುಂಟು.

ಮುಪ್ಪಿನಲ್ಲಿ ಮಕ್ಕಳ ಹೆಸರು ಮರೆತು ಮನೆಯ ದಾರಿ ತಪ್ಪುವವರನ್ನು ಕಂಡು ‘ಅರವತ್ತಕ್ಕೆ ಅರಳು ಮರಳು’ ಎಂದುಬಿಡುವುದು ನಮ್ಮಲ್ಲಿ ವಾಡಿಕೆ. ವೈದ್ಯರ ಬಳಿಗೆ ಒಯ್ಯದಿರಲು ಈ ಗಾದೆಯೇ ನೆಪವಾಗುತ್ತದೆ. ವಯೋಧರ್ಮದ ಮರೆವು ಬೇರೆ, ರೋಗ ಬೇರೆ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೈಮರ್, ಇಂಥ ಮರೆವಿನಿಂದ ಬಳಲಿ 55ನೆಯ ವಯಸ್ಸಿನಲ್ಲಿ ತೀರಿಕೊಂಡ ಮಹಿಳೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ನರಕೋಶಗಳ ಹೊರಗೆ ಗುಪ್ಪೆಗಳನ್ನೂ ಒಳಗೆ ಸಿಕ್ಕುಗೊಂಡ ಎಳೆಗಳನ್ನೂ ಕಂಡರು.

ಗುಪ್ಪೆಗಳ ದ್ರವ್ಯ ಬೀಟಾ ಅಮಿಲಾಯ್ಡ್. 1984ರಲ್ಲಿ ಗ್ಲೆನ್ನರ್ ಮತ್ತು ವಾಂಗ್ ಅದನ್ನು ರೋಗಿಗಳ ಮಿದುಳಿನ ರಕ್ತನಾಳಗಳಿಂದ ಬೇರ್ಪಡಿಸಿದರು. ನರಕೋಶದ ಪೊರೆಯನ್ನು ಹಾದು ನಿಂತಿರುವ ದೊಡ್ಡ ಪ್ರೋಟೀನೊಂದರ ತುಂಡು ಇದು. ಪೊರೆಯಲ್ಲಿ ಹುದುಗಿದ ಭಾಗ ಉಣ್ಣೆಯ ರೀತಿಯಲ್ಲೇ ಸುರುಳಿಯಾಗಿರುತ್ತದೆ. ಬಹುಮಟ್ಟಿಗೆ ಕಿಣ್ವವೊಂದು ಈ ತುಂಡಿನ ನಡುವೆಯೇ ಕತ್ತರಿಸುವುದರಿಂದ ಅಪಾಯವಿಲ್ಲ. ಬೇರೆ ಎರಡು ಕಿಣ್ವಗಳು ಅದರ ಎರಡು ತುದಿಗಳಲ್ಲಿ ಕತ್ತರಿಸಿದರೆ ಮಾತ್ರ ತುಂಡು ಇಡಿಯಾಗಿ ಹೊರಬೀಳುತ್ತದೆ. ಅದರಲ್ಲಿ ಸಾಮಾನ್ಯವಾಗಿ 40 ಅಮೈನೋ ಆಮ್ಲಗಳು, ಕೆಲವೊಮ್ಮೆ 42. ಹೆಚ್ಚಿನ ಎರಡೂ ನೀರಿಗೆ ಒಲ್ಲದವು. ಆದುದರಿಂದ 42ರ ತುಂಡು ತನ್ನಂಥವನ್ನೇ ಅಪ್ಪಿಕೊಳ್ಳಲು ಹಾತೊರೆಯುತ್ತದೆ. ಆರೋಗ್ಯವಂತರ ಮಿದುಳಿನಲ್ಲಿಯೂ ಈ ತುಂಡುಗಳು ಹುಟ್ಟುತ್ತವೆ, ತೊಳೆದೂ ಹೋಗುತ್ತವೆ. ಹುಟ್ಟುವುದು ಹೆಚ್ಚಾದರೆ ಅಥವಾ ತೊಳೆಯುವುದು ಕುಂದಿದರೆ ಕೆಡುಕು.

ಬೆಲ್ಲದ ಪಾಕದಲ್ಲಿ ಮೊದಲ ಹರಳು ಮೂಡಲು ತಡವಷ್ಟೆ. ಮೂಡಿದ ಮೇಲೆ ಉಳಿದುದು ಬೇಗ ಹರಳುಗಟ್ಟುತ್ತದೆ. ಇಲ್ಲಿಯೂ ಹಾಗೆಯೇ. ಕೆಲವು ತುಂಡುಗಳು ರೇಷ್ಮೆಯ ರೀತಿಯಲ್ಲಿ ಚಾಚಿ ಕೂಡಿಕೊಂಡರೆ, ಬಂದ ಬಂದ ತುಂಡು ಅದೇ ಅಚ್ಚಿಗೆ ಬೀಳುತ್ತದೆ. ಒಂದು ವ್ಯತ್ಯಾಸವುಂಟು: ರೇಷ್ಮೆಯ ಸರಗಳು ನೂಲಿನ ಉದ್ದಕ್ಕೆ ಮಲಗಿದರೆ, ಇವು ಬೆರಣಿ ಪೇರಿಸಿದಂತೆ ಅಡ್ಡಡ್ಡಲಾಗಿ ಒಂದರ ಮೇಲೊಂದು ಕೂರುತ್ತವೆ. ದೊಡ್ಡ ಗುಪ್ಪೆಗಿಂತಲೂ, ಇನ್ನೂ ನೀರಿನಲ್ಲಿ ತೇಲುವ ಚಿಕ್ಕ ಗುಂಪುಗಳೇ ನರಸಂಧಿಗಳಿಗೆ ಹೆಚ್ಚು ಘಾತುಕವೆಂದು ಅನೇಕ ಪ್ರಯೋಗಗಳು ತೋರಿಸಿವೆ. ಕೋಶದೊಳಗಿನ ಸಿಕ್ಕು ಟೌ ಎಂಬ ಮತ್ತೊಂದು ಪ್ರೋಟೀನಿನದು. ಮರೆವಿನ ತೀವ್ರತೆ ಗುಪ್ಪೆಗಿಂತ ಈ ಸಿಕ್ಕಿಗೇ ಹೆಚ್ಚು ಹೊಂದುತ್ತದೆ.

ದೊಡ್ಡ ಪ್ರೋಟೀನಿನ ಜೀನು 21ನೆಯ ವರ್ಣತಂತುವಿನಲ್ಲಿದೆ. ಆ ವರ್ಣತಂತು ಮೂರಿರುವ ಡೌನ್ ಸಿಂಡ್ರೋಮ್‌ನವರಲ್ಲಿ ನಲವತ್ತರ ಹೊತ್ತಿಗೇ ಗುಪ್ಪೆಗಳು ಕಾಣುವುದು ಈ ವಾದಕ್ಕೆ ಬಲವಾದ ಸಾಕ್ಷಿ.

ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ರೂಪಿಸಿದ ‘ಟಿಜಿಆರ್ 63’ ಎಂಬ ಸಣ್ಣ ಅಣು ಇಲಿಗಳಲ್ಲಿ ಗುಪ್ಪೆಗಳನ್ನು ತಗ್ಗಿಸಿತೆಂದು 2021ರಲ್ಲಿ ವರದಿಯಾಯಿತು. ಇಲಿಯಿಂದ ಮನುಷ್ಯನಿಗೆ ದಾರಿ ದೂರ. 2023ರಲ್ಲಿ ಅಮೆರಿಕ ಪೂರ್ಣ ಒಪ್ಪಿಗೆ ನೀಡಿದ ಲೆಕಾನೆಮಾಬ್ ಎಂಬ ಪ್ರತಿಕಾಯವು ರೋಗದ ಆರಂಭದಲ್ಲಿದ್ದವರ ಅವನತಿಯನ್ನು 18 ತಿಂಗಳ ಪರೀಕ್ಷೆಯಲ್ಲಿ ಶೇಕಡ 27ರಷ್ಟು ನಿಧಾನಗೊಳಿಸಿತು. ಕೆಲವರಲ್ಲಿ ಮಿದುಳಿನ ಊತ, ರಕ್ತಸ್ರಾವಗಳನ್ನೂ ತಂದಿತು. ಹೋದ ನೆನಪು ಮಾತ್ರ ಅದರಿಂದ ಮರಳದು. ಸತ್ತ ನರಕೋಶವನ್ನು ಅದು ಎಬ್ಬಿಸಲಾರದು.