ದೇಹಕ್ಕೊಪ್ಪುವ ರವಿಕೆ: ಅಳತೆ, ಹೊಲಿಗೆ ಮತ್ತು ಆರೋಗ್ಯ

ಬಟ್ಟೆಯು ದೇಹಕ್ಕಾಗಿ ಇರುವುದೇ ಹೊರತು ದೇಹವು ಬಟ್ಟೆಗಾಗಿ ಇರುವುದಲ್ಲ. ಸರಳವಾದ ಈ ಮಾತನ್ನು ರವಿಕೆಯ ವಿಷಯದಲ್ಲಿ ಅನೇಕ ಸ್ತ್ರೀಯರು ಮರೆಯುತ್ತಾರೆ. ಕಂಕುಳಲ್ಲಿ ಬಿಗಿಯುವ, ಭುಜದಿಂದ ಜಾರುವ, ಹುಕ್ಕುಗಳ ನಡುವೆ ಬಾಯಿ ಬಿಡುವ ರವಿಕೆಯನ್ನು ತೊಟ್ಟು, ‘ನನ್ನ ಮೈಯೇ ಸರಿಯಿಲ್ಲ’ ಎಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ದೋಷವಿರುವುದು ಬಹುಮಟ್ಟಿಗೆ ಮೈಯಲ್ಲಲ್ಲ, ಬಟ್ಟೆಯನ್ನು ಕತ್ತರಿಸಿದ ಕ್ರಮದಲ್ಲಿ. ಮಹಾನಗರದ ಗೃಹಿಣಿಯು ಬೆಳಿಗ್ಗೆ ತೊಟ್ಟ ರವಿಕೆಯಲ್ಲೇ ಅಡಿಗೆ ಮಾಡಿ, ರೈಲಿನಲ್ಲಿ ಕೈಯೆತ್ತಿ ಹಿಡಿದು ನಿಂತು, ಕಛೇರಿಯಲ್ಲಿ ದಿನವಿಡೀ ಕುಳಿತು ಮನೆಗೆ ಮರಳುತ್ತಾಳೆ. ಆದುದರಿಂದ ರವಿಕೆಯ ಹೊಂದಿಕೆಯು ಅಲಂಕಾರದ ಪ್ರಶ್ನೆ ಮಾತ್ರವಲ್ಲ, ಆರೋಗ್ಯದ ಪ್ರಶ್ನೆಯೂ ಹೌದು.

ನಮ್ಮ ಹಿರಿಯರಿಗೆ ಈ ತೊಂದರೆ ಕಡಿಮೆಯಿತ್ತು. ಉತ್ತರ ಕರ್ನಾಟಕದಲ್ಲಿ ಗುಳೇದಗುಡ್ಡದ ಖಣದಿಂದ ಹೊಲಿಯುವ ಕುಪ್ಪಸಕ್ಕೆ ಮುಂಭಾಗದಲ್ಲಿ ಗಂಟು ಹಾಕುವ ರೂಢಿಯಿದೆ. ಬಸಿರಿನಲ್ಲಿ ಮೈ ತುಂಬಿದರೂ, ಮುಪ್ಪಿನಲ್ಲಿ ಸೊರಗಿದರೂ ಗಂಟು ಅದಕ್ಕೆ ತಕ್ಕಂತೆ ಸಡಿಲಿ ಬಿಗಿಯುತ್ತದೆ. ಹುಕ್ಕಿನ ರವಿಕೆಗೆ ಈ ಔದಾರ್ಯವಿಲ್ಲ. ಅದರ ಅಗಲವು ಕತ್ತರಿ ಹಾಕಿದ ದಿನವೇ ನಿಶ್ಚಿತವಾಗುತ್ತದೆ. ಹೀಗಾಗಿ ಅಳತೆಯೇ ಇಲ್ಲಿ ಪ್ರಧಾನವಾಗುತ್ತದೆ.

ಎರಡು ಅಳತೆಗಳ ಅಂತರ

ಸಾಮಾನ್ಯವಾಗಿ ಎದೆಯ ಪೂರ್ಣ ಸುತ್ತಳತೆಯೊಂದನ್ನೇ ಆಧಾರವಾಗಿಟ್ಟುಕೊಂಡು ಇಡೀ ರವಿಕೆಯನ್ನು ಕತ್ತರಿಸುತ್ತಾರೆ. ತಪ್ಪು ಇಲ್ಲಿಂದಲೇ ಆರಂಭವಾಗುತ್ತದೆ. ಕಂಕುಳ ಕೆಳಗೆ, ಸ್ತನಗಳ ಮೇಲ್ಭಾಗದಲ್ಲಿ ಪಟ್ಟಿ ಹಿಡಿದು ಇನ್ನೊಂದು ಅಳತೆಯನ್ನೂ ತೆಗೆಯಬೇಕು. ಒಬ್ಬಾಕೆಯ ಎದೆಯ ಪೂರ್ಣ ಸುತ್ತು 40 ಅಂಗುಲ, ಮೇಲೆದೆಯ ಸುತ್ತು 36 ಅಂಗುಲ ಎಂದಿಟ್ಟುಕೊಳ್ಳೋಣ. ಎಲ್ಲವನ್ನೂ 40ರ ಲೆಕ್ಕದಲ್ಲಿ ಕತ್ತರಿಸಿದರೆ ಭುಜ ಮತ್ತು ಕುತ್ತಿಗೆ ಆಕೆಗೆ ಅಗಲವಾಗುತ್ತವೆ, ರವಿಕೆ ಜಾರುತ್ತದೆ. ಎಲ್ಲವನ್ನೂ 36ರ ಲೆಕ್ಕದಲ್ಲಿ ಕತ್ತರಿಸಿದರೆ ಹುಕ್ಕುಗಳು ಬಾಯಿ ಬಿಡುತ್ತವೆ.

ಸರಿಯಾದ ಮಾರ್ಗವೆಂದರೆ ಕುತ್ತಿಗೆ, ಭುಜ, ಬೆನ್ನು ಮತ್ತು ಕಂಕುಳನ್ನು ಮೇಲೆದೆಯ ಅಳತೆಯಂತೆ ಕತ್ತರಿಸಿ, ಬೇಕಾದ ಹೆಚ್ಚಳವನ್ನು ಮುಂಭಾಗಕ್ಕೆ ಮಾತ್ರ ಕೊಡುವುದು. ರೂಢಿಯ ನಮೂನೆಗಳಲ್ಲಿ ಈ ಎರಡು ಅಳತೆಗಳ ನಡುವೆ ಸುಮಾರು 2 ಅಂಗುಲಗಳ ಅಂತರಕ್ಕೆ ಅವಕಾಶವಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಅಂತರ 4 ಅಂಗುಲ. ಉಳಿದ 2 ಅಂಗುಲಗಳನ್ನು ಮುಂಭಾಗದ ಎರಡು ಹೋಳುಗಳಿಗೆ ಒಂದೊಂದು ಅಂಗುಲದಂತೆ ಹಂಚಿ, ಆ ಹೆಚ್ಚಳವನ್ನು ಡಾರ್ಟಿನಲ್ಲಿ ಹಿಡಿಯಬೇಕು.

ಡಾರ್ಟಿನ ಕೆಲಸ

ಚಪ್ಪಟೆಯಾದ ಬಟ್ಟೆಯು ಉಬ್ಬಿದ ಅಂಗದ ಮೇಲೆ ಕೂರಬೇಕಾದರೆ ಅದಕ್ಕೆ ಮಡಿಕೆ ಬೇಕು. ಅದೇ ಡಾರ್ಟು. ಉಬ್ಬು ಹೆಚ್ಚಿದಷ್ಟೂ ಡಾರ್ಟು ಆಳವಾಗಬೇಕು. ಅದರ ತುದಿಯು ಸ್ತನದ ಶಿಖರದತ್ತ ಮುಖ ಮಾಡಿರಬೇಕು, ಆದರೆ ಶಿಖರವನ್ನು ಮುಟ್ಟದೆ ಸುಮಾರು 1 ಅಂಗುಲ ಮೊದಲೇ ನಿಲ್ಲಬೇಕು. ವಯಸ್ಸಾದಂತೆ ಈ ಶಿಖರವು ಕೆಳಗಿಳಿಯುವುದು ಸಹಜ. ಇಪ್ಪತ್ತು ವರ್ಷಗಳ ಹಿಂದಿನ ಅಳತೆ ರವಿಕೆಯನ್ನೇ ದರ್ಜಿಗೆ ಕೊಟ್ಟರೆ ಡಾರ್ಟು ತಪ್ಪು ಸ್ಥಳದಲ್ಲಿ ಬೀಳುತ್ತದೆ.

ಕಂಕುಳಿನ ರಹಸ್ಯ

ಕೈ ಸರಾಗವಾಗಿ ಆಡಲೆಂದು ಕಂಕುಳನ್ನು ಆಳವಾಗಿ ಕತ್ತರಿಸಲು ಹೇಳುವವರು ಬಹಳ. ಪರಿಣಾಮ ವಿಪರೀತವಾಗುತ್ತದೆ. ಕಂಕುಳು ಆಳವಾದಷ್ಟೂ ಕೈಯೆತ್ತಿದಾಗ ಇಡೀ ರವಿಕೆ ಮೇಲಕ್ಕೆ ಎಳೆಯಲ್ಪಡುತ್ತದೆ, ತೋಳಿನ ಹೊಲಿಗೆ ಬಿರಿಯುತ್ತದೆ. ಕಂಕುಳಿನ ಹೊಲಿಗೆಯು ಮೈಗೆ ಸಮೀಪವಾಗಿ, ಅರ್ಧದಿಂದ 1 ಅಂಗುಲ ಮಾತ್ರ ಕೆಳಗಿದ್ದರೆ ತೋಳು ತನ್ನಷ್ಟಕ್ಕೆ ಚಲಿಸುತ್ತದೆ. ತೋಳಿನ ಸುತ್ತಳತೆಯನ್ನು ಮೊಣಕೈ ಮಡಿಸಿ ತೆಗೆದು, ಅದಕ್ಕೆ ಕನಿಷ್ಠ 1 ಅಂಗುಲ ಸಡಿಲ ಸೇರಿಸಬೇಕು. ಈಗಾಗಲೇ ಬಿಗಿಯಾಗಿರುವ ರವಿಕೆಗೆ ಕಂಕುಳಲ್ಲಿ ಚೌಕಾಕಾರದ ಸಣ್ಣ ತುಂಡನ್ನು ಓರೆಯಾಗಿ ಜೋಡಿಸಿದರೆ ಅದು ಮತ್ತೆ ಬಳಕೆಗೆ ಬರುತ್ತದೆ.

ಸುಕ್ಕುಗಳನ್ನು ಓದುವುದು

ಹುಕ್ಕು ಹಚ್ಚುವ ಮುನ್ನ ರವಿಕೆಯನ್ನು ಒಮ್ಮೆ ತೊಟ್ಟು ಕನ್ನಡಿಯ ಮುಂದೆ ನಿಲ್ಲಬೇಕು. ಶಿಖರದಿಂದ ಕಂಕುಳತ್ತ ಸುಕ್ಕು ಎಳೆದಿದ್ದರೆ ಮುಂಭಾಗದಲ್ಲಿ ಅವಕಾಶ ಸಾಲದೆಂದು ತಿಳಿಯಬೇಕು. ಒಂದೇ ಪಕ್ಕದಲ್ಲಿ ಭುಜದ ಕೆಳಗೆ ಓರೆಸುಕ್ಕು ಬಿದ್ದರೆ ಆ ಭುಜ ತುಸು ತಗ್ಗಿದೆಯೆಂದು ಅರ್ಥ. ಅಲ್ಲಿ ಭುಜದ ಹೊಲಿಗೆಯನ್ನು ಸ್ವಲ್ಪ ಒಳಹಿಡಿದರೆ ಸಾಕು. ಬೆನ್ನು ಬಾಗಿದ ಹಿರಿಯರಲ್ಲಿ ರವಿಕೆಯ ಹಿಂಭಾಗ ಮೇಲೇರುತ್ತದೆ. ಅವರಿಗೆ ಬೆನ್ನಿನ ಉದ್ದವನ್ನು ಹೆಚ್ಚಿಸಬೇಕು. ಎಡಬಲಗಳು ಸಮನಾಗಿಲ್ಲದಿರುವುದು ದೋಷವಲ್ಲ, ಹೆಚ್ಚಿನವರ ದೇಹ ಇರುವುದೇ ಹಾಗೆ.

ಹತ್ತಿಯ ಬಟ್ಟೆಯನ್ನೂ ಅದರ ಲೈನಿಂಗನ್ನೂ ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸುವುದನ್ನು ಮರೆಯಲಾಗದು. ಪಕ್ಕದ ಹೊಲಿಗೆಗಳಲ್ಲಿ ಒಂದೂವರೆ ಅಂಗುಲ ಬಟ್ಟೆ ಬಿಟ್ಟಿದ್ದರೆ ಮುಂದೆ ಬಿಚ್ಚಿ ಸಡಿಲಿಸಬಹುದು.

ವಿಶೇಷ ಗಮನ ಬೇಕಾದವರು

ಭುಜ ಹಿಡಿದು ಕೈ ಹಿಂದೆ ಹೋಗದ ತೊಂದರೆ ನಡುವಯಸ್ಸಿನ ಸ್ತ್ರೀಯರಲ್ಲಿ, ಮುಖ್ಯವಾಗಿ ಮಧುಮೇಹವಿರುವವರಲ್ಲಿ, ಹೆಚ್ಚು. ಬೆನ್ನಿನಲ್ಲಿ ಹುಕ್ಕಿರುವ ರವಿಕೆ ಇವರಿಗೆ ಶಿಕ್ಷೆಯೇ ಸರಿ. ಮುಂಭಾಗದಲ್ಲಿ ತೆರೆಯುವ, ದೊಡ್ಡ ಹುಕ್ಕುಗಳ ರವಿಕೆಯೇ ಲೇಸು.

ಸ್ತನದ ಶಸ್ತ್ರಚಿಕಿತ್ಸೆಯಾದವರಿಗೆ ಲೈನಿಂಗಿನ ಒಳಗೆ ಮೃದುವಾದ ಹತ್ತಿಯ ಜೇಬನ್ನು ಹೊಲಿದು ಕೃತಕ ಸ್ತನವನ್ನು ಇರಿಸುವ ಅನುಕೂಲ ಮಾಡಬಹುದು. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಕೈ ಊದಿಕೊಳ್ಳುವ ಸಂಭವವಿರುವುದರಿಂದ ಆ ಬದಿಯ ತೋಳು ಎಂದಿಗೂ ಬಿಗಿಯಾಗಿರಬಾರದು. ಎರಡು ತೋಳುಗಳನ್ನು ಬೇರೆ ಬೇರೆ ಅಳತೆಯಲ್ಲಿ ಕತ್ತರಿಸಲು ದರ್ಜಿಗೆ ಹೇಳುವುದರಲ್ಲಿ ಸಂಕೋಚವೇಕೆ?

ಲಾಡಿಯ ಬಿಗಿತ

ಒಳಲಂಗದ ಲಾಡಿಯನ್ನು ಉಪೇಕ್ಷಿಸುವಂತಿಲ್ಲ. ಸೊಂಟದಲ್ಲಿ ಒಂದೇ ಜಾಗವನ್ನು ದಶಕಗಳ ಕಾಲ ಉಜ್ಜುವ ದಾರವು ಚರ್ಮವನ್ನು ಕಪ್ಪಾಗಿಸಿ, ಗಾಯಗೊಳಿಸಿ, ವಿರಳವಾಗಿಯಾದರೂ ಅರ್ಬುದಕ್ಕೆ ಎಡೆಗೊಡಬಲ್ಲದು. ಧೋತರದ ಬಿಗಿತದಿಂದ ಇಂತಹುದೇ ರೋಗ ಬರುವುದನ್ನು ಮುಂಬಯಿಯ ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲಿಯೇ ವರ್ಣಿಸಿದ್ದರು. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಲಾಡಿ ಕಟ್ಟುವ ಜಾಗದಲ್ಲಿ ಹುಣ್ಣು ಅರ್ಬುದವಾಗಿ ಮಾರ್ಪಟ್ಟ ಇಬ್ಬರು ವೃದ್ಧೆಯರ ವಿಷಯವನ್ನು ಪ್ರಕಟಿಸಿದರು. ದಾರಕ್ಕೆ ಬದಲಾಗಿ ಅಗಲವಾದ ಪಟ್ಟಿ, ಕಟ್ಟುವ ಜಾಗದಲ್ಲಿ ಆಗಾಗ ಬದಲಾವಣೆ, ಮನೆಯಲ್ಲಿರುವಾಗ ಸಡಿಲ ಉಡುಪು, ಇವಿಷ್ಟೇ ಮುನ್ನೆಚ್ಚರಿಕೆ. ವಾಸಿಯಾಗದ ಗಾಯ ಕಂಡರೆ ಮುಲಾಮಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಬೇಕು.

ಸೊಗಸು ಎಂಬುದು ಮೈಯನ್ನು ಬಿಗಿದು ಕಿರಿದಾಗಿಸುವುದರಲ್ಲಿಲ್ಲ. ಭುಜದಲ್ಲಿ ನೆಟ್ಟಗೆ ಕುಳಿತು, ಎದೆಗೆ ಅವಕಾಶವಿತ್ತು, ಉಸಿರಾಟಕ್ಕೆ ಅಡ್ಡಿಯಾಗದ ರವಿಕೆಯು ಯಾವ ಮೈಕಟ್ಟಿನವರಿಗೂ ಶೋಭಿಸುತ್ತದೆ. ಮುಂದಿನ ಹಬ್ಬಕ್ಕೆ ದರ್ಜಿಯ ಬಳಿ ಹೋಗುವಾಗ ಹಳೆಯ ಅಳತೆ ರವಿಕೆಯನ್ನು ಮನೆಯಲ್ಲೇ ಬಿಟ್ಟು, ಇಂದಿನ ದೇಹದ ಅಳತೆಯನ್ನು ಹೊಸದಾಗಿ ಕೊಡುವುದು ಒಳಿತು.