ಮಲಸೋರಿಕೆ: ಗುದಸಂಕೋಚಕ ಸ್ನಾಯುವಿನ ಬಲವನ್ನು ಅಳೆಯುವ ಬಗೆಗಳು

ನಾಚಿಕೆಯ ಕಾರಣದಿಂದ ವೈದ್ಯರ ಮುಂದೆಯೂ ಹೆಸರೆತ್ತದ ಕಾಯಿಲೆಗಳು ಕೆಲವುಂಟು. ಮಲದ ಮೇಲಿನ ಹಿಡಿತ ತಪ್ಪುವುದು ಅವುಗಳಲ್ಲಿ ಮುಖ್ಯವಾದುದು. ಅರಿವಿಲ್ಲದೆ ಬಟ್ಟೆ ಕೊಳೆಯಾಗುವುದು, ಅವಸರವಾದಾಗ ಶೌಚಾಲಯ ತಲುಪುವಷ್ಟರಲ್ಲಿಯೇ ಸೋರಿಹೋಗುವುದು, ವಾಯುವನ್ನು ತಡೆಯಲಾಗದಿರುವುದು - ಇವೆಲ್ಲವೂ ಇದರ ರೂಪಗಳೇ. ನಮ್ಮ ಶಿಕಾರಿಪುರ, ಸೊರಬ ಸೀಮೆಯಲ್ಲಿ ಈ ತೊಂದರೆಯುಳ್ಳವರು ಮೊದಲು ಬಸ್ಸಿನ ಪ್ರಯಾಣವನ್ನು ಬಿಡುತ್ತಾರೆ. ಬಳಿಕ ಜಾತ್ರೆ, ಮದುವೆ, ದಾಸೋಹದ ಪಂಕ್ತಿಗಳನ್ನು ಬಿಡುತ್ತಾರೆ. ಅಡಿಕೆ ಸುಲಿಯಲು ನಾಲ್ಕು ಜನರ ನಡುವೆ ಕೂರುವುದನ್ನೂ ಬಿಟ್ಟು ಕೊನೆಗೆ ಮನೆಯ ಹಿಂದಿನ ಕೋಣೆಗೆ ಸೀಮಿತರಾಗುತ್ತಾರೆ. ಮನೆಯವರು ಇದನ್ನು ವಯಸ್ಸಿನ ಸಹಜಧರ್ಮವೆಂದು ತಿಳಿದು ಸುಮ್ಮನಾಗುತ್ತಾರೆ. ಇದು ಸರಿಯಲ್ಲ. ಮಲಸೋರಿಕೆಗೆ ಕಾರಣವುಂಟು, ಕಾರಣವನ್ನು ಕಂಡುಹಿಡಿಯುವ ಪರೀಕ್ಷೆಗಳುಂಟು, ಬಹುಪಾಲು ಜನರಿಗೆ ಪರಿಹಾರವೂ ಉಂಟು. ಆ ಪರೀಕ್ಷೆಗಳು ಯಾವುವು, ಯಾವುದರಿಂದ ಏನು ತಿಳಿಯುತ್ತದೆ, ಯಾರಿಗೆ ಯಾವುದು ಅಗತ್ಯ ಎಂಬುದನ್ನು ಸದ್ಭಕ್ತರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ದ್ವಾರಪಾಲಕ ಸ್ನಾಯುಗಳು

ಸುಶ್ರುತಾಚಾರ್ಯರು ಗುದವನ್ನು ನಾಲ್ಕೂವರೆ ಅಂಗುಲ ಉದ್ದದ್ದೆಂದು ಹೇಳಿ, ಅದರೊಳಗೆ ಪ್ರವಾಹಣೀ, ವಿಸರ್ಜನೀ, ಸಂವರಣೀ ಎಂಬ ಮೂರು ವಲಿಗಳನ್ನು ಗುರುತಿಸಿದ್ದಾರೆ. ಮಲವನ್ನು ಮುಂದಕ್ಕೆ ತಳ್ಳುವುದು, ಹೊರಹಾಕುವುದು, ದ್ವಾರವನ್ನು ಮುಚ್ಚುವುದು ಎಂಬ ಮೂರು ಕಾರ್ಯಗಳು ಆ ಹೆಸರುಗಳಲ್ಲಿಯೇ ಅಡಗಿವೆ. ಈ ಮೂರೂ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ಅಪಾನವಾಯುವಿನ ಹೊಣೆ. ಆಧುನಿಕರು ಗುದನಾಳವನ್ನು ಸುಮಾರು 4 ಸೆಂ.ಮೀ. ಉದ್ದದ್ದೆಂದು ಎಣಿಸುವುದರಿಂದ, ಸುಶ್ರುತರ ಅಳತೆಯಲ್ಲಿ ಮಲಾಶಯದ ಕೆಳಭಾಗವೂ ಸೇರಿದೆಯೆಂದು ತಿಳಿಯಬೇಕು. ಆದುದರಿಂದ ಮೂರು ವಲಿಗಳನ್ನು ಇಂದಿನ ಸ್ನಾಯುಗಳೊಡನೆ ಒಂದಕ್ಕೊಂದು ಎಂಬಂತೆ ಹೊಂದಿಸಲು ಹೋಗದೆ, ಕಾರ್ಯವನ್ನು ಅರಿಯುವುದು ಒಳಿತು.

ಇಂದಿನ ಶರೀರಶಾಸ್ತ್ರದ ಪ್ರಕಾರ ಮಲವನ್ನು ತಡೆಯುವ ಸ್ನಾಯುಗಳು ಮುಖ್ಯವಾಗಿ ಮೂರು. ಒಳ ಸಂಕೋಚಕ ಸ್ನಾಯು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ನಿದ್ರೆಯಲ್ಲಿಯೂ ದ್ವಾರವನ್ನು ಮುಚ್ಚಿಟ್ಟಿರುತ್ತದೆ. ವಿಶ್ರಾಂತಿಯ ಸಮಯದ ಒತ್ತಡದಲ್ಲಿ ಸುಮಾರು ಶೇ. 70ರಷ್ಟು ಇದರದೇ ಕೊಡುಗೆ. ಹೊರ ಸಂಕೋಚಕ ಸ್ನಾಯು ಇಚ್ಛೆಗೆ ಒಳಪಟ್ಟದ್ದು. ಅವಸರವಾದಾಗ ನಾವು ಬಿಗಿಹಿಡಿಯುವುದು ಇದರಿಂದ. ಮೂರನೆಯದು ಮಲಾಶಯದ ಹಿಂಬದಿಯಿಂದ ಜೋಲಿಯಂತೆ ಸುತ್ತಿ ಮುಂದಕ್ಕೆ ಎಳೆದು ಹಿಡಿಯುವ ಸ್ನಾಯು. ಇದರಿಂದ ಮಲಮಾರ್ಗದಲ್ಲಿ ಒಂದು ಬಾಗು ಉಂಟಾಗಿ ಮಲ ನೇರವಾಗಿ ಜಾರದು. ಇವುಗಳ ಜೊತೆಗೆ ನರಗಳು ಸರಿಯಿರಬೇಕು, ಮಲಾಶಯಕ್ಕೆ ಹಿಗ್ಗುವ ಶಕ್ತಿ ಇರಬೇಕು, ಮಲ ತೀರ ತೆಳ್ಳಗಿರಬಾರದು. ಸಾಮಾನ್ಯವಾಗಿ ಒಳಸ್ನಾಯು ಸೋತರೆ ಅರಿವಿಲ್ಲದೆ ಸೋರುತ್ತದೆ. ಹೊರಸ್ನಾಯು ಸೋತರೆ ಅರಿವಿದ್ದರೂ ತಡೆಯಲಾಗುವುದಿಲ್ಲ. ರೋಗಿಯ ಮಾತಿನಲ್ಲಿಯೇ ವೈದ್ಯನಿಗೆ ಮೊದಲ ಸುಳಿವು ದೊರೆಯುವುದು ಹೀಗೆ.

ಅಳೆಯುವ ಮುನ್ನ ಕೇಳುವುದು

ಯಂತ್ರಕ್ಕಿಂತ ಮೊದಲು ಪ್ರಶ್ನೆ. ಎಷ್ಟು ದಿನಕ್ಕೊಮ್ಮೆ ಸೋರುತ್ತದೆ, ಗಟ್ಟಿಮಲವೋ ನೀರುಮಲವೋ ಬರಿಯ ವಾಯುವೋ, ಬಟ್ಟೆಯ ಪ್ಯಾಡ್ ಬೇಕಾಗುತ್ತದೆಯೋ, ನಿತ್ಯದ ಬದುಕು ಬದಲಾಗಿದೆಯೋ ಎಂಬ ಐದು ಅಂಶಗಳಿಗೆ 0ಯಿಂದ 4ರವರೆಗೆ ಅಂಕ ಕೊಟ್ಟು, ಒಟ್ಟು 20ರಲ್ಲಿ ತೊಂದರೆಯ ತೀವ್ರತೆಯನ್ನು ಎಣಿಸುವ ಕ್ರಮವೊಂದಿದೆ. 1993ರಲ್ಲಿ ಪ್ರಕಟವಾದ ಇದಕ್ಕೆ ವೆಕ್ಸ್‌ನರ್ ಅಂಕಪಟ್ಟಿ ಎಂದು ಹೆಸರು. ಇದು ಸ್ನಾಯುವನ್ನು ಅಳೆಯುವುದಿಲ್ಲ, ರೋಗಿಯ ಕಷ್ಟವನ್ನು ಅಳೆಯುತ್ತದೆ. ಚಿಕಿತ್ಸೆಯಿಂದ ಗುಣವಾಯಿತೇ ಎಂದು ಮುಂದೆ ತಿಳಿಯಲು ಇದೇ ಆಧಾರ.

ಹೆರಿಗೆಯ ವಿವರವನ್ನು ಕೇಳಲೇಬೇಕು. ಹೆರಿಗೆಯಲ್ಲಿ ಆದ ಹರಿತ ಸಂಕೋಚಕ ಸ್ನಾಯುವಿಗೂ ತಲುಪಿದ್ದರೆ, ಆ ಕೊರತೆಯನ್ನು ದೇಹವು ಯೌವನದಲ್ಲಿ ಹೇಗೋ ಸರಿದೂಗಿಸಿಕೊಂಡು, ಮುಟ್ಟು ನಿಂತ ನಂತರ ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಸೋರಿಕೆ ಕಾಣಿಸಿಕೊಳ್ಳಬಹುದು. ಮಧುಮೇಹ, ಬೆನ್ನುಹುರಿಯ ತೊಂದರೆ, ಪಾರ್ಶ್ವವಾಯು, ಹಿಂದೆ ಮಾಡಿಸಿಕೊಂಡ ಮೂಲವ್ಯಾಧಿ ಅಥವಾ ಭಗಂದರದ ಶಸ್ತ್ರಚಿಕಿತ್ಸೆ - ಇವನ್ನೂ ಮುಚ್ಚಿಡದೆ ಹೇಳಬೇಕು.

ಬೆರಳಿನ ಪರೀಕ್ಷೆ

ಅತ್ಯಂತ ಹಳೆಯದೂ ಖರ್ಚಿಲ್ಲದ್ದೂ ಆದ ಪರೀಕ್ಷೆ ಇದು. ಕೈಗವಸು ಧರಿಸಿದ ಬೆರಳಿನಿಂದ ವೈದ್ಯನು ವಿಶ್ರಾಂತಿಯ ಬಿಗಿಯನ್ನೂ, ಬಿಗಿಹಿಡಿಯಿರೆಂದಾಗ ಬರುವ ಬಲವನ್ನೂ, ಮುಕ್ಕಿದಾಗ ಸ್ನಾಯು ಸಡಿಲಗೊಳ್ಳುವುದನ್ನೂ ಎರಡು ಮೂರು ನಿಮಿಷಗಳಲ್ಲಿ ಅರಿಯಬಲ್ಲನು. ಇದರಿಂದ ತಿಳಿಯುವ ಇನ್ನೊಂದು ಬಹುಮುಖ್ಯ ಸಂಗತಿಯುಂಟು. ವೃದ್ಧರಲ್ಲಿ ಮಲ ಗಟ್ಟಿಯಾಗಿ ಮಲಾಶಯದಲ್ಲಿ ಕಲ್ಲಿನಂತೆ ಕುಳಿತಾಗ, ಅದರ ಸುತ್ತಲಿಂದ ನೀರುಮಲ ಜಿನುಗುತ್ತದೆ. ಮನೆಯವರು ಅದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಔಷಧ ಕೊಡುತ್ತಾರೆ. ಮಲಬದ್ಧತೆ ಮತ್ತಷ್ಟು ಹೆಚ್ಚುತ್ತದೆ. ಬೆರಳಿನ ಒಂದು ಪರೀಕ್ಷೆ ಈ ಅನರ್ಥವನ್ನು ತಪ್ಪಿಸುತ್ತದೆ.

ಇದರ ಮಿತಿಯೂ ಸ್ಪಷ್ಟ. ಫಲಿತಾಂಶವು ಪರೀಕ್ಷಿಸುವವರ ಅನುಭವವನ್ನು ಅವಲಂಬಿಸಿದೆ. ಒಬ್ಬ ವೈದ್ಯರಿಗೆ ಸಡಿಲವೆನಿಸಿದ್ದು ಇನ್ನೊಬ್ಬರಿಗೆ ಸಾಧಾರಣವೆನಿಸಬಹುದು. ಸ್ನಾಯುವಲಯದ ಕಾಲುಭಾಗಕ್ಕಿಂತ ಚಿಕ್ಕದಾದ ಹರಿತ ಬೆರಳಿಗೆ ತಪ್ಪುವುದೇ ಹೆಚ್ಚು.

ಒತ್ತಡವನ್ನು ಅಳೆಯುವ ಮಾನೊಮೆಟ್ರಿ

ಬೆರಳಿಗೆ ತಿಳಿದುದನ್ನು ಅಂಕೆಗಳಲ್ಲಿ ಹೇಳುವ ಪರೀಕ್ಷೆ ಮಾನೊಮೆಟ್ರಿ. ಪೆನ್ಸಿಲಿಗಿಂತ ತೆಳುವಾದ ನಳಿಕೆಯನ್ನು ಗುದದೊಳಗೆ ಇರಿಸಿ, ಅದರ ಮೇಲೆ ಬೀಳುವ ಒತ್ತಡವನ್ನು ರಕ್ತದೊತ್ತಡದಂತೆಯೇ ಪಾದರಸದ ಮಿಲಿಮೀಟರುಗಳಲ್ಲಿ ದಾಖಲಿಸಲಾಗುತ್ತದೆ. ವಿಶ್ರಾಂತಿಯ ಒತ್ತಡ ಒಳಸ್ನಾಯುವಿನ ಸ್ಥಿತಿಯನ್ನೂ, ಬಿಗಿಹಿಡಿದಾಗಿನ ಒತ್ತಡ ಹೊರಸ್ನಾಯುವಿನ ಸ್ಥಿತಿಯನ್ನೂ ಹೇಳುತ್ತದೆ. ಅರ್ಧ ನಿಮಿಷದವರೆಗೆ ಬಿಗಿಹಿಡಿಯಲು ಹೇಳಿ ಸ್ನಾಯು ಎಷ್ಟು ಬೇಗ ದಣಿಯುತ್ತದೆಂದು ನೋಡುತ್ತಾರೆ. ನಳಿಕೆಯ ತುದಿಯ ಚಿಕ್ಕ ಬಲೂನನ್ನು ಮಲಾಶಯದಲ್ಲಿ ಉಬ್ಬಿಸಿ, ಎಷ್ಟು ತುಂಬಿದಾಗ ಅರಿವಾಯಿತು, ಎಷ್ಟಾದಾಗ ತಡೆಯಲಾಗದಾಯಿತು ಎಂಬುದನ್ನೂ ತಿಳಿಯುತ್ತಾರೆ. ಅರಿವಳಿಕೆ ಬೇಡ, ನೋವು ಇಲ್ಲವೆನ್ನುವಷ್ಟು ಕಡಿಮೆ.

ಇದರಲ್ಲಿ ಎರಡು ಬಗೆ. ಹಳೆಯದರಲ್ಲಿ ನಳಿಕೆಯ ರಂಧ್ರಗಳಿಂದ ಸಣ್ಣಗೆ ನೀರು ಹರಿಯುತ್ತಿರುತ್ತದೆ; ಸ್ನಾಯು ಒತ್ತಿದಾಗ ಆ ಹರಿವಿಗೆ ಆಗುವ ತಡೆಯೇ ಅಳತೆ. ಇದರ ವೆಚ್ಚ ಕಡಿಮೆ. ಆದರೆ ಅಳೆಯುವ ಬಿಂದುಗಳು ಕೆಲವೇ, ನಳಿಕೆಯನ್ನು ಸರಿಸುತ್ತ ಅಳೆಯಬೇಕಾಗುತ್ತದೆ. ಹೊಸದಾದ ಹೈ ರೆಸಲ್ಯೂಷನ್ ಮಾನೊಮೆಟ್ರಿಯಲ್ಲಿ ಒತ್ತಾಗಿ ಜೋಡಿಸಿದ ಸೆನ್ಸರುಗಳು ಇಡೀ ಗುದನಾಳದ ಒತ್ತಡವನ್ನು ಒಂದೇ ಸಲಕ್ಕೆ ಬಣ್ಣದ ನಕ್ಷೆಯಾಗಿ ತೋರಿಸುತ್ತವೆ. ಓದುವುದು ಸುಲಭ; ಉಪಕರಣದ ಬೆಲೆ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದು ಯಂತ್ರದ ಅಂಕೆಯನ್ನು ಇನ್ನೊಂದು ಯಂತ್ರದ ಅಂಕೆಯೊಡನೆ ನೇರವಾಗಿ ಹೋಲಿಸಬಾರದು. ಸಹಜ ಅಂಕೆಯು ವಯಸ್ಸು, ಲಿಂಗ ಮತ್ತು ಉಪಕರಣಕ್ಕೆ ತಕ್ಕಂತೆ ಬದಲಾಗುತ್ತದೆ. ಇದೇ ಗೊಂದಲದ ನಿವಾರಣೆಗಾಗಿ ತಜ್ಞರ ಅಂತರರಾಷ್ಟ್ರೀಯ ತಂಡವೊಂದು 2020ರಲ್ಲಿ ಪರೀಕ್ಷೆಯ ಏಕರೂಪ ಕ್ರಮವನ್ನೂ, ಲಂಡನ್ ವರ್ಗೀಕರಣವೆಂಬ ಫಲಿತಾಂಶದ ಭಾಷೆಯನ್ನೂ ಪ್ರಕಟಿಸಿತು. ಇನ್ನೊಂದು ಮಾತು: ಒತ್ತಡ ಕಡಿಮೆಯಿದ್ದರೂ ಸೋರಿಕೆಯಿಲ್ಲದವರಿದ್ದಾರೆ, ಒತ್ತಡ ಸಹಜವಾಗಿದ್ದರೂ ಸೋರುವವರಿದ್ದಾರೆ. ಅಂಕೆ ರೋಗಿಯ ಕಷ್ಟಕ್ಕೆ ಸಾಕ್ಷಿಯೇ ಹೊರತು ತೀರ್ಪಲ್ಲ.

ಹರಿತವನ್ನು ತೋರಿಸುವ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ

ಮಾನೊಮೆಟ್ರಿಯು ಸ್ನಾಯು ದುರ್ಬಲವೆಂದು ಹೇಳುತ್ತದೆ. ಏಕೆ ದುರ್ಬಲವೆಂದು ಹೇಳುವುದಿಲ್ಲ. ಸ್ನಾಯು ಹರಿದಿದೆಯೇ ಎಂಬುದನ್ನು ತೋರಿಸುವುದು ಗುದದ ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್. ಬೆರಳಿನ ಗಾತ್ರದ ಸಾಧನವು ಸುತ್ತಲೂ ನೋಡಿ ಎರಡು ಉಂಗುರಗಳ ಚಿತ್ರ ಕೊಡುತ್ತದೆ: ಕಪ್ಪಾಗಿ ಕಾಣುವುದು ಒಳಸ್ನಾಯು, ಅದರ ಹೊರಗೆ ಬೆಳ್ಳಗೆ ಕಾಣುವುದು ಹೊರಸ್ನಾಯು. ಉಂಗುರ ಎಲ್ಲಿ ತುಂಡಾಗಿದೆಯೋ ಅಲ್ಲಿ ಹರಿತ. ಕೆಲವೇ ನಿಮಿಷಗಳ ಪರೀಕ್ಷೆ, ಕ್ಷಕಿರಣವಿಲ್ಲ. 1993ರಲ್ಲಿ ಲಂಡನ್ನಿನ ವೈದ್ಯರು ಈ ವಿಧಾನದಿಂದ ಚೊಚ್ಚಲ ಹೆರಿಗೆಯಾದ ತಾಯಂದಿರನ್ನು ಪರೀಕ್ಷಿಸಿದಾಗ, ಸಹಜ ಹೆರಿಗೆಯಾದವರಲ್ಲಿ ಶೇ. 35ರಷ್ಟು ಮಂದಿಯಲ್ಲಿ ಸಂಕೋಚಕ ಸ್ನಾಯುವಿನ ದೋಷ ಕಂಡುಬಂದಿತು. ಅವರಲ್ಲಿ ಬಹುತೇಕರಿಗೆ ಆಗ ಯಾವ ತೊಂದರೆಯೂ ಇರಲಿಲ್ಲ. ಹೆರಿಗೆಯ ಗಾಯಗಳನ್ನು ಜಗತ್ತಿನ ವೈದ್ಯರು ಹೆಚ್ಚು ಎಚ್ಚರದಿಂದ ನೋಡತೊಡಗಲು ಈ ಅಧ್ಯಯನ ಕಾರಣವಾಯಿತು.

ಹರಿತವಿಲ್ಲದೆ ಸ್ನಾಯು ಸವೆದು ತೆಳುವಾಗಿರುವುದನ್ನು, ವಿಶೇಷವಾಗಿ ಹೊರಸ್ನಾಯುವಿನ ಸವೆತವನ್ನು, ಎಂಆರ್‌ಐ ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ. ಒಳಸ್ನಾಯುವಿನ ಹರಿತಕ್ಕೆ ಅಲ್ಟ್ರಾಸೌಂಡೇ ಮೇಲು. ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮೊದಲು ಅಲ್ಟ್ರಾಸೌಂಡ್, ಸಂದೇಹ ಉಳಿದರೆ ಎಂಆರ್‌ಐ ಎಂಬುದು ಯುಕ್ತವಾದ ಕ್ರಮ.

ನರಗಳ ಪರೀಕ್ಷೆ ಮತ್ತು ಹೊಸ ಸಾಧನಗಳು

ಸೂಜಿಯಿಂದ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅರಿಯುವ ಇಎಂಜಿ ಪರೀಕ್ಷೆಯಿಂದ ನರದ ಹಾನಿ ತಿಳಿಯುತ್ತದೆ. ಆದರೆ ನೋವಿರುವುದರಿಂದ ಆಯ್ದವರಿಗಷ್ಟೇ ಇದನ್ನು ಮಾಡುತ್ತಾರೆ. ಗುದಸ್ನಾಯುವಿಗೆ ಹೋಗುವ ಪುಡೆಂಡಲ್ ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆಯುವ ಪರೀಕ್ಷೆಯೂ ಹಿಂದೆ ಬಹಳ ಬಳಕೆಯಲ್ಲಿತ್ತು. ನರದಲ್ಲಿ ಚುರುಕಾದ ಕೆಲವೇ ಎಳೆಗಳು ಉಳಿದಿದ್ದರೂ ಫಲಿತಾಂಶ ಸಹಜವೆಂದೇ ಬರುವುದರಿಂದ ಈಗ ಅದರ ಮೇಲಿನ ವಿಶ್ವಾಸ ಕುಗ್ಗಿದೆ. ಫ್ಲಿಪ್ ಎಂಬ ಹೊಸ ಸಾಧನವು ದ್ರವ ತುಂಬಿದ ಚೀಲದಿಂದ ಗುದದ್ವಾರವನ್ನು ಮೆಲ್ಲಗೆ ಹಿಗ್ಗಿಸಿ, ಅದು ಎಷ್ಟು ಸುಲಭವಾಗಿ ತೆರೆದುಕೊಳ್ಳುತ್ತದೆಂದು ಅಳೆಯುತ್ತದೆ. ಬಾಗಿಲು ಎಷ್ಟು ಬಲವಾಗಿ ಮುಚ್ಚಿದೆ ಎನ್ನುವುದಕ್ಕಿಂತ, ತಳ್ಳಿದರೆ ಎಷ್ಟು ಬೇಗ ತೆರೆಯುತ್ತದೆ ಎಂಬ ಪ್ರಶ್ನೆ ಇದರದು. ಇದು ಇನ್ನೂ ದೊಡ್ಡ ಕೇಂದ್ರಗಳ ಸಂಶೋಧನೆಯ ಹಂತವನ್ನು ಹೆಚ್ಚು ದಾಟಿಲ್ಲ.

ಯಾರಿಗೆ ಯಾವುದು?

ಎಲ್ಲರಿಗೂ ಎಲ್ಲ ಪರೀಕ್ಷೆಗಳು ಬೇಡ. ಸೋರಿಕೆಯುಳ್ಳ ಪ್ರತಿಯೊಬ್ಬರಿಗೂ ಪ್ರಶ್ನೆ ಮತ್ತು ಬೆರಳಿನ ಪರೀಕ್ಷೆ ಆಗಲೇಬೇಕು. ಶಿಕಾರಿಪುರ, ಸೊರಬದ ತಾಲ್ಲೂಕು ಆಸ್ಪತ್ರೆಗಳ ಮಟ್ಟದಲ್ಲಿಯೇ ಇದು ಸಾಧ್ಯ. ಆಹಾರ, ಔಷಧ, ವ್ಯಾಯಾಮಗಳಿಂದ ಎರಡು ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಮಾನೊಮೆಟ್ರಿ. ಕಷ್ಟದ ಹೆರಿಗೆ ಅಥವಾ ಗುದದ ಶಸ್ತ್ರಚಿಕಿತ್ಸೆಯ ಹಿನ್ನೆಲೆಯಿದ್ದರೆ ಅಲ್ಟ್ರಾಸೌಂಡ್. ಸ್ನಾಯು ಜೋಡಿಸುವ ಶಸ್ತ್ರಚಿಕಿತ್ಸೆಯ ಆಲೋಚನೆಯಿದ್ದರೆ ಇವೆರಡೂ ಬೇಕು. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಮೊದಲು ಸಲಹೆ ಪಡೆಯಬಹುದು. ಮಾನೊಮೆಟ್ರಿ ಎಲ್ಲೆಡೆ ದೊರೆಯದ ಕಾರಣ, ಮಣಿಪಾಲ, ಮಂಗಳೂರು, ಬೆಂಗಳೂರಿನಂತಹ ಊರುಗಳಿಗೆ ಹೊರಡುವ ಮುನ್ನ ಆ ಆಸ್ಪತ್ರೆಯಲ್ಲಿ ಪರೀಕ್ಷೆ ಇದೆಯೇ, ವೆಚ್ಚವೆಷ್ಟು ಎಂದು ದೂರವಾಣಿಯಲ್ಲಿ ವಿಚಾರಿಸಿಯೇ ಹೊರಡಬೇಕು.

ಭಗಂದರಕ್ಕೆ ಶಸ್ತ್ರಚಿಕಿತ್ಸೆ ಅಥವಾ ಕ್ಷಾರಸೂತ್ರ ಮಾಡಿಸಿಕೊಳ್ಳುವವರು ಸಹ ಚಿಕಿತ್ಸೆಗೆ ಮೊದಲೇ ಸ್ನಾಯುವಿನ ಸ್ಥಿತಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಗುದವು ಮರ್ಮಸ್ಥಾನವೆಂದು ಸುಶ್ರುತರು ಎಚ್ಚರಿಸಿದ್ದಾರೆ. ತರಬೇತಿಯಿಲ್ಲದವರ ಕೈಯಲ್ಲಿ ಗುದಕ್ಕೆ ಕ್ಷಾರ, ಚುಚ್ಚುಮದ್ದು ಹಾಕಿಸಿಕೊಂಡು ಸ್ನಾಯುವನ್ನು ಕಳೆದುಕೊಂಡರೆ ಅದನ್ನು ಮರಳಿ ಪಡೆಯುವುದು ದುಸ್ಸಾಧ್ಯ.

ಮನೆಯಲ್ಲಿ ಪಾಲಿಸಬೇಕಾದುದು

ಯಾವ ಆಹಾರದಿಂದ ಸೋರಿಕೆ ಹೆಚ್ಚುತ್ತದೆಂದು ಎರಡು ವಾರ ಬರೆದಿಡಿ. ಕಾಫಿ, ಅತಿಖಾರ, ಕೆಲವರಿಗೆ ಹಾಲು ಇದಕ್ಕೆ ಕಾರಣವಾಗುತ್ತವೆ. ಹರಳೆಣ್ಣೆ, ತ್ರಿಫಲಾ ಮೊದಲಾದ ವಿರೇಚಕಗಳನ್ನು ಹೊಟ್ಟೆ ಶುದ್ಧಿಗೆಂದು ಸ್ವಂತ ನಿರ್ಧಾರದಿಂದ ಸೇವಿಸಬೇಡಿ. ಊಟವಾದ ಬಳಿಕ ನಿಶ್ಚಿತ ಸಮಯದಲ್ಲಿ ಶೌಚಕ್ಕೆ ಕೂರುವ ಅಭ್ಯಾಸವಿರಲಿ. ಬಂದ ವೇಗವನ್ನು ತಡೆಯಬಾರದು, ಬಾರದ ವೇಗವನ್ನು ಬಲವಂತದಿಂದ ತರಿಸಬಾರದು. ವಾಯುವನ್ನು ತಡೆಯುವಂತೆ ಗುದವನ್ನು ಒಳಕ್ಕೆ ಸೆಳೆದು ಐದು ಸೆಕೆಂಡು ಹಿಡಿದು, ಹತ್ತು ಸೆಕೆಂಡು ಸಡಿಲಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು ಬಿಡದೆ ಮಾಡಿ. ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು.

ಮಲದಲ್ಲಿ ರಕ್ತ, ತೂಕ ಇಳಿಯುವುದು, ಮಲಪ್ರವೃತ್ತಿಯಲ್ಲಿ ಇತ್ತೀಚೆಗೆ ಆದ ಬದಲಾವಣೆ - ಇವು ಕಂಡರೆ ಸ್ನಾಯುವಿನ ಪರೀಕ್ಷೆಗಿಂತ ಮೊದಲು ಕರುಳಿನ ಪರೀಕ್ಷೆ ಆಗಬೇಕು. ಥಟ್ಟನೆ ಹಿಡಿತ ತಪ್ಪಿ, ಜೊತೆಗೆ ಕಾಲಿನ ಬಲ ಕುಂದಿ, ಕೂರುವ ಜಾಗ ಮರಗಟ್ಟಿ, ಮೂತ್ರ ಕಟ್ಟಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ನರಗಳು ಒತ್ತಿಹೋದ ಲಕ್ಷಣವಿದು.

ಮಲಸೋರಿಕೆಯುಳ್ಳ ಹಲವರು ಮೈಲಿಗೆಯ ಭಯದಿಂದ ಇಷ್ಟಲಿಂಗ ಪೂಜೆಗೂ ಕೂರಲು ಹಿಂಜರಿಯುತ್ತಾರೆ. ಪಂಚಸೂತಕಗಳನ್ನೇ ನಿರಾಕರಿಸಿದ ಶರಣಪರಂಪರೆಯವರು ನಾವು. ಸೋತ ಸ್ನಾಯುವೊಂದನ್ನು ಸೂತಕವೆಂದು ಎಣಿಸುವುದು ಆ ಪರಂಪರೆಗೆ ಒಪ್ಪುವುದಿಲ್ಲ. ಮನೆಯ ಹಿರಿಯರು ಊಟದ ಪಂಕ್ತಿಯಿಂದ ದೂರ ಸರಿಯುತ್ತಿದ್ದರೆ ಕಾರಣವನ್ನು ಮೆಲ್ಲನೆ ಕೇಳಿರಿ. ಸೊಸೆ, ಮಗಳು ಜೊತೆಗೆ ನಿಂತು ವೈದ್ಯರಲ್ಲಿಗೆ ಕರೆದೊಯ್ಯಲಿ. ಎಲ್ಲ ಅಳತೆಗಳೂ ಆರಂಭವಾಗುವುದು ಬಾಯಿಬಿಟ್ಟು ಹೇಳುವ ಆ ಒಂದು ಮಾತಿನಿಂದ.