ದುಡ್ಡಿಗಿಂತ ಮೊದಲು ಷರತ್ತು ನೋಡಿ
ಬಡವರಿಗೆ ನಿಜಕ್ಕೂ ಯಾವುದರಿಂದ ಒಳ್ಳೆಯದಾಗುತ್ತದೆ ಎಂಬುದನ್ನೇ ಅರ್ಥಶಾಸ್ತ್ರದ ಪಿಎಚ್‌.ಡಿ.ಗೆ ಆರಿಸಿಕೊಳ್ಳುವವರೇ, ಅಳುಕು ಬೇಡ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೇಮರ್ ಅವರಿಗೆ 2019ರ ನೊಬೆಲ್ ಬಂದದ್ದು ಇಂಥ ಕೆಲಸಕ್ಕೇ. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಶುಲ್ಕ ಮನ್ನಾ ಮಾಡಿ, ಖರ್ಚಿಗೂ ಹಣ ಕೊಡುತ್ತವೆ. ಸಾಲ ಮಾಡಿ ಹೋಗಬೇಡಿ. ಇಲ್ಲೇ ಓದುವುದಾದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಜೆಆರ್‌ಎಫ್ ಸಂಶೋಧನಾ ಶಿಷ್ಯವೇತನ ಇದೆ: 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. (ಕೈಸೇರುವುದು ತಡವಾದೀತು, ಒಂದಿಷ್ಟು ಉಳಿತಾಯ ಇಟ್ಟುಕೊಳ್ಳಿ.)

ದಾನಿ ಸಂಸ್ಥೆಯೊಂದು ನಿಮ್ಮ ಸಂಶೋಧನೆಗೆ ಹಣ ಕೊಡುತ್ತೇನೆಂದರೆ ಷರತ್ತುಗಳನ್ನು ನಿಧಾನವಾಗಿ ಓದಿ. ಅವರದೇ ಯೋಜನೆಯಿಂದ ಯಾರಿಗೂ ಪ್ರಯೋಜನವಾಗಿಲ್ಲವೆಂದು ನಿಮ್ಮ ಅಧ್ಯಯನದಲ್ಲಿ ಕಂಡುಬಂದರೂ ಅದನ್ನು ಪ್ರಕಟಿಸುವ ಹಕ್ಕು ನಿಮಗಿದೆ ಎಂಬ ಮಾತು ಲಿಖಿತವಾಗಿ ಇರಲೇಬೇಕು. ಅವರು ಒಪ್ಪದಿದ್ದರೆ, ಮೊತ್ತ ಎಷ್ಟೇ ದೊಡ್ಡದಿರಲಿ, ಆ ಹಣ ಬೇಡ ಎನ್ನಿ.